ಉಡುಪಿ-ಮಂಗಳೂರಿನವರೇ, ಮಾದರಿ ವಿಮಾನದ ಕಿಟ್ ಕಟ್ಟಲು ಬೇರೆಯವರ ಕೈಗೆ ಕೊಡುವ ಮೊದಲು ಇದನ್ನು ಓದಿ

ನೇರವಾಗಿ ಹೇಳುತ್ತೇನೆ. ಪ್ಲಾಸ್ಟಿಕ್ ಭಾಗಗಳನ್ನು ಜೋಡಿಸಿ, ಬಣ್ಣ ಹೊಡೆದು ಪುಟ್ಟ ಮಾದರಿ ವಿಮಾನ ಮಾಡುವ ಕಿಟ್ಟಿನ ವಿಷಯ ಇದು. ನಾನು ಕೊಟ್ಟ ಕಿಟ್ ಒಂದು, ವಾಪಸ್ ಬಂದ ವಿಮಾನ ಇನ್ನೊಂದು. ದುಡ್ಡೂ ಹೋಯಿತು, ಕಿಟ್ಟೂ ಹೋಯಿತು. ಅದಕ್ಕಿಂತ ಜಾಸ್ತಿ, ಮನೆ ತುಂಬ ನೆಂಟರಿರುವಾಗ ಅಪ್ಪನ ಎದುರು ತಲೆ ತಗ್ಗಿಸಬೇಕಾಯಿತು. ಮೂರು ವಾರದಿಂದ ಬರೆಯಲೋ ಬೇಡವೋ ಅಂತ ಒದ್ದಾಡುತ್ತಿದ್ದೆ. ನಾಚಿಕೆ ಆಗುತ್ತಿತ್ತು. ನಿನ್ನೆ ಮಣಿಪಾಲದಲ್ಲಿ ಓದುತ್ತಿರುವ ಪರಿಚಯದ ಹುಡುಗನೊಬ್ಬ ತನ್ನ ಕಿಟ್ಟನ್ನೂ ಅದೇ ವ್ಯಕ್ತಿಗೆ ಕೊಡುತ್ತೇನೆ ಅಂದ. ಆಗ ತಡೆಯಲಿಲ್ಲ. ಹೆಸರು ಹಾಕುವುದಿಲ್ಲ. ದೂರು ಕೊಟ್ಟಿದ್ದೇನೆ, ಅದು ಮುಗಿಯುವ ತನಕ ಹಾಕಬೇಡ ಅಂತ ವಕೀಲ ಗೆಳೆಯ ಹೇಳಿದ್ದಾನೆ. ಆದರೆ ನಡೆದದ್ದನ್ನೆಲ್ಲ ಹೇಳುತ್ತೇನೆ.

ಅಪ್ಪ ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್, ಅಂದರೆ ವಿಮಾನದ ಮೈಕಟ್ಟು ನೋಡಿಕೊಳ್ಳುವ ಕೆಲಸಗಾರ ಆಗಿದ್ದವರು. 1973ರಲ್ಲಿ ಸೇರಿ ಇಪ್ಪತ್ತು ವರ್ಷ ದುಡಿದರು. ಹೆಚ್ಚಿನ ವರ್ಷ ಮಿಗ್-21 ಯುದ್ಧವಿಮಾನದ ಎಫ್‌ಎಲ್ ಅನ್ನುವ ಮಾದರಿಯ ಜೊತೆ, ಕೊನೆಗೆ ತೇಜ್‌ಪುರದಲ್ಲಿ. 1971ರ ಡಿಸೆಂಬರ್ 14ರಂದು ಢಾಕಾದ ಗವರ್ನರ್ ಬಂಗಲೆ ಮೇಲೆ ರಾಕೆಟ್ ಹಾರಿಸಿದ್ದು ಇದೇ ಎಫ್‌ಎಲ್ ಅಂತ ನಾವು ಚಿಕ್ಕವರಿದ್ದಾಗ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಅವರು ಸೇರುವ ಮೊದಲೇ ನಡೆದದ್ದು, ಆದರೂ ತಮ್ಮ ಮನೆಯ ಸುದ್ದಿಯ ಹಾಗೆ ಹೇಳುತ್ತಾರೆ. ಎಫ್‌ಎಲ್ 2013ರಲ್ಲೇ ನಿವೃತ್ತಿ ಆಯಿತು. ನಮ್ಮ ಮನೆಯಲ್ಲಿ ಅದರ ಒಂದು ಹಳೇ ಫೋಟೋ ಬಿಟ್ಟರೆ ಬೇರೇನೂ ಇಲ್ಲ. ಈ ಸೆಪ್ಟೆಂಬರಿಗೆ ಅಪ್ಪನಿಗೆ 70 ತುಂಬುವುದಿತ್ತು. ಅವರ ವಿಮಾನವನ್ನೇ ಮಾಡಿಸಿ ಕೈಗೆ ಕೊಡಬೇಕು ಅಂತ ಆಸೆ ಇತ್ತು.

ದುಬೈಯಿಂದ ಬರುವಾಗ ಭಾವ ಕಿಟ್ ತಂದುಕೊಟ್ಟರು. 1/48 ಅಳತೆಯದ್ದು, ಅಂದರೆ ನಿಜವಾದ ವಿಮಾನದ 48ರಲ್ಲಿ ಒಂದು ಪಾಲು, ಕಟ್ಟಿದರೆ ಒಂದು ಅಡಿಗೆ ಸ್ವಲ್ಪ ಕಡಿಮೆ ಉದ್ದ. ಒಳ್ಳೆಯ ಕಿಟ್. ಬೂದು ಬಣ್ಣದ ಪ್ಲಾಸ್ಟಿಕ್, ಮೈಮೇಲಿನ ಪ್ಯಾನೆಲ್ ಗೆರೆಗಳೆಲ್ಲ ಕೂದಲೆಳೆಯಷ್ಟು ತೆಳ್ಳಗೆ ಒಳಗೆ ಕೆತ್ತಿದ್ದು. ಕಾಕ್‌ಪಿಟ್‌ಗೆ ಬಣ್ಣ ಹಚ್ಚಿದ ಚಿಕ್ಕ ಲೋಹದ ಹಾಳೆಯೂ ಇತ್ತು. ನಾನೂ ಆರೇಳು ಕಿಟ್ ಕಟ್ಟಿದ್ದೇನೆ, ಆದರೆ ಎಲ್ಲ 1/72, ಎಲ್ಲ ಬ್ರಶ್‌ನಲ್ಲೇ. ಅಪ್ಪನಿಗೆ ಬೇಕಾದದ್ದು ಬರೀ ಲೋಹದ ಮೈಯ ಬೆಳ್ಳಿ ಮಿಗ್. ಅದನ್ನು ಬ್ರಶ್‌ನಲ್ಲಿ ಮಾಡಲು ಆಗುವುದಿಲ್ಲ. ಮೊದಲು ಹೊಳಪಿನ ಕಪ್ಪು, ಅದರ ಮೇಲೆ ಏರ್‌ಬ್ರಶ್‌ನಲ್ಲಿ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನ) ತೆಳ್ಳಗೆ ಅಲ್ಯೂಮಿನಿಯಂ ಬಣ್ಣ. ಅಡಿಯಲ್ಲಿ ಒಂದು ಧೂಳಿನ ಕಣ ಇದ್ದರೂ ಎದ್ದು ಕಾಣುತ್ತದೆ. ನನ್ನ ಕೈಯಲ್ಲಿ ಹಾಳಾಗುವುದು ಬೇಡ ಅಂತಲೇ ಬೇರೆಯವರಿಗೆ ಕೊಟ್ಟದ್ದು.

ಮಂಗಳೂರಿನ ಈ ವ್ಯಕ್ತಿಯ ಬಗ್ಗೆ ಇಬ್ಬರು ಒಳ್ಳೆಯದೇ ಹೇಳಿದ್ದರು. ಮೇ ಕೊನೆಯಲ್ಲಿ ನಾನೇ ಹೋದೆ. ಮನೆ ಮಹಡಿಯಲ್ಲಿ ಒಂದು ಕೋಣೆ. ಗಾಜಿನ ಪೆಟ್ಟಿಗೆಯಲ್ಲಿ ಒಂದು ನ್ಯಾಟ್ ಯುದ್ಧವಿಮಾನದ ಮಾದರಿ ಇತ್ತು, ನಿಜಕ್ಕೂ ಚೆಂದ ಇತ್ತು. "ನೀವೇ ಮಾಡಿದ್ದಾ?" ಅಂತ ಕೇಳಿದೆ. "ನಾನೇ ಸರ್, ಮತ್ತೆ ಯಾರು?" ಅಂದ. ಏರ್‌ಬ್ರಶ್‌ಗೆ ಗಾಳಿ ಕೊಡುವ ಕಂಪ್ರೆಸರ್ ಮೂಲೆಯಲ್ಲಿತ್ತು. ಅದರ ಮೇಲೆ ಬಟ್ಟೆ ಒಣ ಹಾಕಿದ್ದರು. ದಿನಾ ಏರ್‌ಬ್ರಶ್ ಹಿಡಿಯುವವರು ಕಂಪ್ರೆಸರ್ ಮೇಲೆ ಟವೆಲ್ ಒಣ ಹಾಕುತ್ತಾರಾ? ನೋಡಿದ್ದೇನೆ, ನೋಡಿಯೂ ಸುಮ್ಮನಿದ್ದೆ. ಕೆಲಸಕ್ಕೆ ಒಂಬತ್ತು ಸಾವಿರ, ಐದು ಮುಂಗಡ. ಅಲ್ಲೇ ಫೋನಿನಲ್ಲಿ ಹಾಕಿದೆ. ಚೀಟಿ ಕೇಳಲಿಲ್ಲ. ಚೌತಿ ಮೊದಲು ಕೊಡ್ತೇನೆ ಅಂದ.

ಜೂನ್ ಪೂರ್ತಿ ಸುದ್ದಿ ಇಲ್ಲ. ಕೇಳಿದರೆ "ಮಳೆ ಸರ್, ಈಗ ಬಣ್ಣ ಹೊಡೆದ್ರೆ ಬೆಳ್ಳಗಾಗ್ತದೆ." ಅದು ಸುಳ್ಳಲ್ಲ. ನಮ್ಮ ಊರಿನ ಮಳೆಗಾಲದ ತೇವಕ್ಕೆ ಲ್ಯಾಕರ್ ಬಣ್ಣ ಹೊಡೆದರೆ ಮೇಲೆ ಬೂದಿ ಬಳಿದ ಹಾಗೆ ಮಬ್ಬು ಕೂರುತ್ತದೆ. ಅದು ನನಗೂ ಗೊತ್ತಿದ್ದ ವಿಷಯ, ಹಾಗಾಗಿ ನಂಬಿದೆ. ಅವನ ಮಾತಿನಲ್ಲಿ ಅರ್ಧ ಯಾವಾಗಲೂ ನಿಜ ಇರುತ್ತಿತ್ತು. ಅದೇ ತೊಂದರೆ ಆದದ್ದು.

ಜುಲೈಯಲ್ಲಿ ಒಂದು ಫೋಟೋ ಕಳುಹಿಸಿದ. ಪೇಪರ್ ಹಾಸಿ ಅದರ ಮೇಲೆ ಸ್ಪ್ರೂ ಫ್ರೇಮ್ (ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟು) ಇಟ್ಟಿದ್ದ, ಎರಡು ರೆಕ್ಕೆ ಕತ್ತರಿಸಿ ತೆಗೆದಿದ್ದ. ಪ್ಲಾಸ್ಟಿಕ್ ತಿಳಿ ಹಸಿರು. ನನ್ನ ಕಿಟ್ ಬೂದು. ಕೂಡಲೇ ಫೋನ್ ಮಾಡಿದೆ. "ಇದೆಂಥದು ಹಸಿರು ಕಾಣ್ತದಲ್ಲ?" ಅಂದೆ. "ಟ್ಯೂಬ್‌ಲೈಟಿಗೆ ಹಾಗೆ ಕಾಣ್ತದೆ ಸರ್. ಹಗಲು ನೋಡಿದ್ರೆ ಬೂದುವೇ." ನಾನು ಎಂತ ಮಾಡಿದೆ ಗೊತ್ತಾ? ಸರಿ ಅಂತ ಫೋನ್ ಇಟ್ಟೆ. ಕೆಳಗೆ ಹಾಸಿದ ಪೇಪರ್ ಬೆಳ್ಳಗೆ ಕಾಣುತ್ತಿತ್ತು. ಪೇಪರ್ ಹಸಿರಾಗಿರಲಿಲ್ಲ. ಪ್ಲಾಸ್ಟಿಕ್ ಮಾತ್ರ ಹಸಿರು. ಆ ಫೋಟೋವನ್ನು ಈಗ ದಿನಕ್ಕೆ ಹತ್ತು ಸಲ ನೋಡುತ್ತೇನೆ. ಅಷ್ಟು ಸ್ಪಷ್ಟವಾಗಿ ಕಾಣುತ್ತದೆ. ಅವತ್ತೇ ಮಂಗಳೂರಿಗೆ ಬಸ್ಸು ಹತ್ತಿದ್ದರೆ ಕಿಟ್ ಸಿಗುತ್ತಿತ್ತೋ ಏನೋ.

ಅದೇ ತಿಂಗಳು ಸುದ್ದಿ ಬಂತು, ಸೆಪ್ಟೆಂಬರಿನಲ್ಲಿ ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಅಂತ. ದಿನ 26 ಅಂತ ಆಮೇಲೆ ಗೊತ್ತಾಯಿತು. 1963ರಿಂದ 2025, 62 ವರ್ಷದ ಸೇವೆ. ಎಫ್‌ಎಲ್ ಅಲ್ಲ, ಆಗ ಉಳಿದಿದ್ದದ್ದು ಬೈಸನ್ ಅನ್ನುವ ಮಾದರಿ. ಆದರೂ ಅಪ್ಪನಿಗೆ ಎಲ್ಲ ಒಂದೇ ಮನೆಯ ಮಕ್ಕಳು. ನಾನು ಅವನ ಹತ್ತಿರ ಬೇಡಿಕೊಂಡೆ. "ಚೌತಿ ಹೋದರೆ ಹೋಗಲಿ ಮಾರಾಯ, 26ಕ್ಕಾದರೂ ಕೊಡಿ. ಅಪ್ಪ ಟಿವಿ ನೋಡುವಾಗ ಎದುರು ಇರಬೇಕು." "ಗ್ಯಾರಂಟಿ ಸರ್, ಅಂಕಲ್‌ಗೋಸ್ಕರ ನಿದ್ದೆ ಬಿಟ್ಟು ಮಾಡ್ತೇನೆ" ಅಂದ. ಚೌತಿ ಹೋಯಿತು. ಅಪ್ಪನ ಹುಟ್ಟುಹಬ್ಬ ಹೋಯಿತು. 26ರಂದು ಅಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿ ಟಿವಿ ಎದುರು ಕೂತರು. ಎದುರಿನ ಟೀಪಾಯಿ ಖಾಲಿ. ನಾನು ಫೋನ್ ಮಾಡುತ್ತಲೇ ಇದ್ದೆ, ಅವನು ಎತ್ತಲಿಲ್ಲ.

ಅಕ್ಟೋಬರ್‌ನಲ್ಲಿ, ದೀಪಾವಳಿಯ ಎರಡು ದಿನ ಮೊದಲು ಮೆಸೇಜ್ ಬಂತು. "ರೆಡಿ ಉಂಟು ಸರ್. ಬಾಕಿ ನಾಲ್ಕು ಹಾಕಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಕೊಟ್ಟು ಕಳಿಸ್ತೇನೆ." ನಾನೇ ಬಂದು ನೋಡಿ ತಗೊಳ್ತೇನೆ ಅಂದೆ. "ನಾನು ಊರಿಗೆ ಹೊರಟಿದ್ದೇನೆ ಸರ್, ಇವತ್ತು ಬಿಟ್ರೆ ಹಬ್ಬ ಕಳೆದ ಮೇಲೆಯೇ." ನೋಡಿ, ಹೇಗೆ ಹಿಡಿಯುತ್ತಾರೆ. ಹಬ್ಬಕ್ಕೆ ಅಕ್ಕ, ಭಾವ, ಚಿಕ್ಕಪ್ಪನ ಮನೆಯವರೆಲ್ಲ ಬರುವವರು. ಅವರೆದುರು ಅಪ್ಪನಿಗೆ ಕೊಡಬೇಕು ಅಂತ ನನಗೆ ಆಸೆ. ನಾಲ್ಕು ಸಾವಿರ ಹಾಕಿದೆ. ಉಡುಪಿ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಒಂದು ಚಪ್ಪಲಿ ಬಾಕ್ಸ್ ಕೈಗಿಟ್ಟರು. ಸುತ್ತಲೂ ಟೇಪು. ಬಿಚ್ಚಿದರೆ ರೆಕ್ಕೆ ಮುರಿದೀತು ಅಂತ ಹೆದರಿ ಹಾಗೆಯೇ ಮನೆಗೆ ತಂದೆ.

ಎಲ್ಲರೂ ಸುತ್ತ ಕೂತಿದ್ದರು. ಅಪ್ಪನೇ ಟೇಪು ಕತ್ತರಿಸಿದರು. ಥರ್ಮೊಕೋಲ್ ತೆಗೆದು ವಿಮಾನ ಎತ್ತಿ ಹಿಡಿದರು. ನಗುತ್ತಾ ಇದ್ದವರು ಒಂದು ಗಳಿಗೆ ಸುಮ್ಮನಾದರು. ಬೆನ್ನಿನ ಮೇಲೆ ಬೆರಳು ಸವರಿದರು. "ಇದು ನಮ್ಮದಲ್ಲ ಮಗ. ಇದು ಬಿಸ್" ಅಂದರು.

ನನಗೆ ಮೊದಲು ಅರ್ಥ ಆಗಲಿಲ್ಲ. ಬಿಸ್ ಅಂದರೆ ಮಿಗ್-21ರ ಇನ್ನೊಂದು ಮಾದರಿ. ಅವರೇ ತೋರಿಸಿದರು. ಎಫ್‌ಎಲ್‌ನ ಬೆನ್ನು ತೆಳ್ಳಗೆ, ಇದರದ್ದು ಕಾಕ್‌ಪಿಟ್ ಹಿಂದಿನಿಂದ ಬಾಲದ ತನಕ ದಪ್ಪ ಗೂನು. ಎಫ್‌ಎಲ್ ರೆಕ್ಕೆಯ ಅಡಿಯಲ್ಲಿ ಶಸ್ತ್ರ ನೇತುಹಾಕುವ ಪೈಲಾನ್ ಎರಡು, ಇದರಲ್ಲಿ ನಾಲ್ಕು. ಎಫ್‌ಎಲ್‌ನ ಕ್ಯಾನೊಪಿ (ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ) ಮುಂದಕ್ಕೆ ಎತ್ತಿ ತೆರೆಯುವುದು, ಇದು ಪಕ್ಕಕ್ಕೆ ತೆರೆಯುವ ತರದ್ದು. ಸಾವಿರ ಸಲ ಆ ಕ್ಯಾನೊಪಿ ಎತ್ತಿ ಇಳಿಸಿದ ಕೈ ಅದು. ಅವರಿಗೆ ಮೋಸ ಮಾಡಲು ಆಗುತ್ತದಾ?

ಕೆಲಸವಾದರೂ ಚೆನ್ನಾಗಿದೆಯಾ ಅಂದರೆ ಅದೂ ಇಲ್ಲ. ಬೈಕ್ ಟ್ಯಾಂಕಿಗೆ ಹೊಡೆಯುವ ಸಿಲ್ವರ್ ಸ್ಪ್ರೇ ಕ್ಯಾನ್. ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬುತಗ್ಗು. ಎಡ ರೆಕ್ಕೆಯ ಮೇಲೆ ಒಂದು ಹೆಬ್ಬೆರಳಿನ ಗುರುತು ಬಣ್ಣದಲ್ಲೇ ಒಣಗಿ ಕೂತಿದೆ, ಗೆರೆ ಎಣಿಸಬಹುದು. ಕ್ಯಾನೊಪಿ ಫೆವಿಕ್ವಿಕ್ ಹೊಗೆಗೆ ಒಳಗಿನಿಂದ ಬೆಳ್ಳಗಾಗಿದೆ, ಸೀಟು ಕಾಣುವುದಿಲ್ಲ. ಹೊಳಪಿನ ಕೋಟ್ ಕೊಡದೆಯೇ ಡೆಕಾಲ್, ಅಂದರೆ ಗುರುತಿನ ಸ್ಟಿಕ್ಕರ್ ಅಂಟಿಸಿದ್ದಾನೆ. ಗಾಳಿ ಸಿಕ್ಕಿಕೊಂಡು ಕೇಸರಿ-ಬಿಳಿ-ಹಸಿರು ವೃತ್ತದ ಸುತ್ತ ಸೀರೆ ಅಂಚಿನ ಹಾಗೆ ಮಿನುಗು. ಪ್ಯಾನೆಲ್ ಗೆರೆಗಳು ಒಳಗೆ ಕೆತ್ತಿದವಲ್ಲ, ಹೊರಗೆ ಉಬ್ಬಿದವು. ಹಳೇ ಅಗ್ಗದ ಕಿಟ್ಟುಗಳಲ್ಲಿ ಇರುತ್ತವಲ್ಲ, ಹಾಗೆ. ಜೋಡಣೆಯ ಹತ್ತಿರ ಉಜ್ಜಿ ಉಜ್ಜಿ ಅವೂ ಅಳಿಸಿಹೋಗಿವೆ.

ಕೊನೆಗೆ ಅಪ್ಪ ಟಾರ್ಚ್ ತರಿಸಿದರು. ಚಕ್ರದ ಗುಂಡಿಯೊಳಗೆ ಬೆಳಕು ಬಿಟ್ಟರು. ಸ್ಪ್ರೇ ಅಲ್ಲಿಗೆ ತಲುಪಿರಲಿಲ್ಲ. ಒಳಗೆಲ್ಲ ತಿಳಿ ಹಸಿರು. ಜುಲೈಯ ಫೋಟೋದ ಅದೇ ಹಸಿರು. ನನ್ನ ಹೊಟ್ಟೆಯೊಳಗೆ ಏನೋ ಇಳಿದ ಹಾಗಾಯಿತು.

ಆ ರಾತ್ರಿಯೇ ಫೋನ್ ಮಾಡಿದೆ. ಊರಿಗೆ ಹೋದವನು ಎತ್ತಿದ. ಅವನ ಒಂದೊಂದು ಉತ್ತರವನ್ನೂ ಬರೆದಿಟ್ಟುಕೊಂಡಿದ್ದೇನೆ.

ಮೊದಲು, "ಎರಡೂ ಮಿಗ್-21 ಅಲ್ವಾ ಸರ್, ಎಂತ ವ್ಯತ್ಯಾಸ?"

ನಾನು ಬೆನ್ನಿನ ವಿಷಯ ಹೇಳಿದೆ. "ನಿಮ್ಮ ಬಾಕ್ಸಲ್ಲಿ ಇದ್ದದ್ದೇ ಹಾಗೆ. ಕಂಪನಿಯವ್ರು ಬೇರೆ ಹಾಕಿರ್ಬೇಕು." ನಾನು ಕೊಡುವ ಮೊದಲು ಬಾಕ್ಸ್ ತೆರೆದು, ಒಂದೊಂದು ಭಾಗವನ್ನೂ ಸೂಚನೆಯ ಪುಸ್ತಕದ ಜೊತೆ ಎಣಿಸಿದವನು.

ಹಸಿರು ಪ್ಲಾಸ್ಟಿಕ್ ವಿಷಯ ಎತ್ತಿದೆ. "ಅದು ಪ್ಲಾಸ್ಟಿಕ್ ಅಲ್ಲ ಸರ್, ಚಕ್ರದ ಗುಂಡಿಗೆ ಹಸಿರು ಬಣ್ಣ ಕೊಟ್ಟದ್ದು. ಒರಿಜಿನಲ್ ವಿಮಾನದಲ್ಲಿ ಹಾಗೇ ಇರ್ತದೆ." ಅಪ್ಪ ಪಕ್ಕದಲ್ಲೇ ಇದ್ದರು. ಸೂಜಿ ತಗೊಂಡು ಒಳಗೆ ಕೆರೆದರು. ಬಣ್ಣವಾದರೆ ಕೆರೆದಾಗ ಕೆಳಗೆ ಬೂದು ಬರಬೇಕಿತ್ತು. ಎಷ್ಟು ಕೆರೆದರೂ ಹಸಿರೇ. ಅದನ್ನೂ ಹೇಳಿದೆ.

ಆಗ ಅವನು ಹೇಳಿದ ಮಾತು: "ಅಂಕಲ್‌ಗೆ ವಯಸ್ಸಾಯ್ತಲ್ಲ ಸರ್, ನೆನಪು ಹಿಂದೆ ಮುಂದೆ ಆಗ್ತದೆ."

ಒಂಬತ್ತು ಸಾವಿರ ಹೋದದ್ದು ನನಗೆ ಅಷ್ಟು ನೋವಾಗಲಿಲ್ಲ. ಈ ಮಾತು ನೋವಾಯಿತು. ಫೋನ್ ಸ್ಪೀಕರಿನಲ್ಲಿತ್ತು. ಅಪ್ಪ ಕೇಳಿದರು. ಏನೂ ಹೇಳದೆ ಎದ್ದು ಒಳಗೆ ಹೋದರು. ನೆನಪು ಹಿಂದೆ ಮುಂದೆ ಆಗುತ್ತದಂತೆ! ತಾನು ಮುಟ್ಟಿದ ವಿಮಾನಗಳ ನಂಬರ್ ಇವತ್ತಿಗೂ ಸಾಲಾಗಿ ಹೇಳುವ ಮನುಷ್ಯ. ಅವರಿಗೆ ಹೀಗೆ ಹೇಳಿದ.

ಮರುದಿನ ಬ್ಲಾಕ್ ಮಾಡಿದ. ಭಾವನ ಫೋನಿನಿಂದ ಮಾಡಿದರೆ "ಕೆಲಸ ಮಾಡಿ ಕೊಟ್ಟಾಗಿದೆ, ನಿಮ್ಮ ಹತ್ತಿರ ಎಂತ ಸಾಕ್ಷಿ ಉಂಟು?" ಅಂದ. ಇದು ನಿಜ, ಯಾವ ಕಿಟ್ ಕೊಟ್ಟೆ ಅಂತ ಬರವಣಿಗೆಯಲ್ಲಿ ಎಲ್ಲೂ ಇಲ್ಲ. ಮೆಸೇಜಿನಲ್ಲೂ ನಾನು "ಕಿಟ್" ಅಂತ ಮಾತ್ರ ಬರೆದಿದ್ದೇನೆ. ಹಣ ಹಾಕಿದ್ದಕ್ಕೆ ದಾಖಲೆ ಇದೆ, ಆ ಹಸಿರು ಫೋಟೋ ಇದೆ, ಅಷ್ಟೇ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ.

ಕಿಟ್ ಕಟ್ಟಲು ಕೊಡುವವರು ದಯವಿಟ್ಟು ಕೇಳಿ. ಬಾಕ್ಸ್ ತೆರೆದು ಎಲ್ಲ ಫ್ರೇಮುಗಳ ಫೋಟೋ ಅವರೆದುರೇ ತೆಗೆಯಿರಿ, ಅದನ್ನು ಅವರಿಗೇ ಮೆಸೇಜ್ ಮಾಡಿ "ಸಿಕ್ಕಿತು" ಅಂತ ಬರೆಸಿಕೊಳ್ಳಿ. ಪ್ರತಿ ಫ್ರೇಮಿನ ಮೂಲೆಯಲ್ಲಿ ಒಂದು ಗುರುತು ಹಾಕಿ, ಖಾಲಿ ಫ್ರೇಮು ಮತ್ತು ಬಾಕ್ಸ್ ವಾಪಸ್ ಕೇಳಿ. ನಾನು ಇದನ್ನು ಕೇಳಿದ್ದರೆ ಅವನು ಅಲ್ಲೇ ಹಿಂದೆ ಸರಿಯುತ್ತಿದ್ದ. ಬಾಕಿ ಹಣವನ್ನು ಕಣ್ಣಲ್ಲಿ ನೋಡದೆ ಕೊಡಲೇಬೇಡಿ. ಹಬ್ಬ ಇರಲಿ, ಹುಟ್ಟುಹಬ್ಬ ಇರಲಿ, ಕೊಡಬೇಡಿ. ಬಸ್ಸಿನಲ್ಲಿ ತರಿಸಬೇಡಿ. ಮತ್ತೆ, ನಿಮಗೆ ಯಾವ ದಿನಕ್ಕೆ ಬೇಕು, ಯಾರಿಗೆ ಬೇಕು ಅಂತ ಹೇಳಲೇಬೇಡಿ. ನಾನು ಹೇಳಿದ್ದನ್ನೇ ಹಿಡಿದು ಅವನು ನನ್ನನ್ನು ಎಳೆದಾಡಿದ.

ಆ ಹಸಿರು ವಿಮಾನ ಈಗ ಟೀಪಾಯಿ ಮೇಲೆಯೇ ಇದೆ. ನಾನು ಬಿಸಾಡಲು ಹೋದೆ, ಅಪ್ಪ ಬಿಡಲಿಲ್ಲ. "ವಿಮಾನದ್ದು ಎಂತ ತಪ್ಪು?" ಅಂದರು. ನಿನ್ನೆ ನೀರು ಹಾಕಿ ಉಜ್ಜುವ ಮರಳು ಕಾಗದ ಹಿಡಿದು ಆ ಹೆಬ್ಬೆರಳಿನ ಗುರುತು ಉಜ್ಜುತ್ತಾ ಕೂತಿದ್ದರು.

ಕೊನೆಗೆ ಒಂದು ಕೋರಿಕೆ. ನನ್ನ ಕಿಟ್ ಅವನು ಕಟ್ಟಿರಲಿಕ್ಕಿಲ್ಲ, ಮಾರಿರುತ್ತಾನೆ ಅಥವಾ ಮಾರಲು ಇಟ್ಟಿರುತ್ತಾನೆ. 1/48 ಮಿಗ್-21, ಎಫ್‌ಎಲ್ ಮಾಡಲು ಬರುವ ಕಿಟ್. ಬಾಕ್ಸಿನ ಎಡಬದಿಯಲ್ಲಿ ದುಬೈ ಅಂಗಡಿಯ ಬೆಲೆ ಚೀಟಿ ಅರ್ಧ ಹರಿದಿದೆ. ಅದರ ಕೆಳಗೆ ನನ್ನ ಮಗಳು ನೀಲಿ ಪೆನ್ನಿನಲ್ಲಿ "ಅಜ್ಜನದ್ದು" ಅಂತ ಬರೆದಿದ್ದಾಳೆ. ಅದು ನಿಮ್ಮ ಕಣ್ಣಿಗೆ ಬಿದ್ದರೆ ನನಗೆ ತಿಳಿಸಿ. ನೀವು ದುಡ್ಡು ಕೊಟ್ಟು ತಗೊಂಡಿದ್ದರೆ ಆ ದುಡ್ಡು ನಾನು ಕೊಡುತ್ತೇನೆ.