ನಮ್ಮ ಕಚೇರಿಯ ಮಳೆ ನಿಯಮಕ್ಕೆ ಐದರಲ್ಲಿ ಮೂರೂವರೆ

ಬೆಳಗ್ಗೆ 5.20ಕ್ಕೆ ಮೊಬೈಲಿಗೆ ಸಂದೇಶ ಬಂತು: 'ಇಂದು ರೆಡ್ ಅಲರ್ಟ್. ಕಚೇರಿ ತೆರೆಯುವುದಿಲ್ಲ. ಸಾಧ್ಯವಿದ್ದವರು ಮನೆಯಿಂದಲೇ ಕೆಲಸ ಮಾಡಿ. ರಜೆ ಕಡಿತವಿಲ್ಲ.' ಕುಕ್ಕರ್ ಇನ್ನೂ ಒಲೆ ಏರಿರಲಿಲ್ಲ. ಮುಂಬೈ ಹೊರವಲಯದ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಘಾಟ್ಕೋಪರ್, ಅಲ್ಲಿಂದ ಮೆಟ್ರೊ ಹಿಡಿದು ಮರೋಳ್‌ನ ಕಚೇರಿ ಸೇರುವವಳು ನಾನು. ಮನೆಯ ಹೊಸ್ತಿಲು ದಾಟುವ ಮೊದಲೇ ಇಂಥ ಮಾತು ಕಚೇರಿಯಿಂದ ಬಂದದ್ದು ಇದೇ ಮೊದಲು. ಹಿಂದಿನ ಮಳೆಗಾಲದಲ್ಲಿ ಇದೇ ಸುದ್ದಿ ಹತ್ತೂವರೆಗೆ ಬಂದಿತ್ತು. ಆಗ ನಾನು ಭಾಂಡುಪ್ ಬಳಿ ನಿಂತುಹೋದ ಲೋಕಲ್‌ನಲ್ಲಿ, ಹೆಂಗಸರ ಡಬ್ಬಿಯ ಬಾಗಿಲ ಕಂಬ ಹಿಡಿದು ಹಳಿ ಮುಳುಗುವುದನ್ನು ನೋಡುತ್ತಿದ್ದೆ.

ಎರಡು ಪುಟದ ಈ ಹೊಸ ನಿಯಮವನ್ನು ಒಂದು ಮಳೆಗಾಲ ಬಳಸಿ ನೋಡಿದ್ದೇನೆ. ಬೇರೆ ಕಚೇರಿಗಳ ಕನ್ನಡಿಗರು ತಮ್ಮಲ್ಲೂ ಕೇಳಿ ಪಡೆಯಲಿ ಎಂದು ಬರೆಯುತ್ತಿದ್ದೇನೆ.

ಮುಚ್ಚುವುದೋ ತೆರೆಯುವುದೋ ಎಂಬ ತೀರ್ಮಾನ ಈಗ ಯಾರ ಮರ್ಜಿಯ ಮೇಲೂ ನಿಂತಿಲ್ಲ. ಹವಾಮಾನ ಇಲಾಖೆಯ ಬಣ್ಣವೇ ಅಳತೆ. ಕೆಂಪಾದರೆ ಕಚೇರಿ ಬಂದ್. ಕಿತ್ತಳೆಯಾದರೆ ಬರುವುದು ಬಿಡುವುದು ನಮ್ಮ ಇಷ್ಟ, ತಡವಾದರೆ ಅರ್ಧ ದಿನ ಕತ್ತರಿಸುವಂತಿಲ್ಲ. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಇಲಾಖೆ ಅದನ್ನು ಅತ್ಯಂತ ಭಾರಿ ಮಳೆ ಎನ್ನುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದದ್ದು 944.

ಆ ದಿನ ನಾನು ಸಾಕಿನಾಕಾದ ಬೇರೊಂದು ಕಚೇರಿಯಲ್ಲಿದ್ದೆ. ಧಾರವಾಡದಿಂದ ಬಂದು ವರ್ಷ ತುಂಬಿರಲಿಲ್ಲ. ಮಧ್ಯಾಹ್ನ ಮೂರಕ್ಕೆ 'ಎಲ್ಲರೂ ಮನೆಗೆ ಹೊರಡಿ' ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಇಡೀ ನಗರದ ಕಚೇರಿಗಳು ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದನ್ನೇ ಹೇಳಿದವು. ಸೊಂಟದವರೆಗಿನ ನೀರಿನಲ್ಲಿ ಪರಿಚಯವಿಲ್ಲದ ಹೆಂಗಸೊಬ್ಬರ ಸೆರಗು ಹಿಡಿದು ನಡೆದೆ. ರಾತ್ರಿ ಕಳೆದದ್ದು ಕೆಟ್ಟು ನಿಂತ ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿನಲ್ಲಿ. ಮನೆ ಸೇರಿದ್ದು ಮರುದಿನ ಸಂಜೆ. ಕಚೇರಿಯಲ್ಲೇ ಉಳಿದ ಇಬ್ಬರು ಮೇಜಿನ ಮೇಲೆ ಮಲಗಿ, ಒಣಬಟ್ಟೆಯಲ್ಲೇ ಬೆಳಗು ಕಂಡಿದ್ದರು.

ಹಾಗಾಗಿ ಈ ನಿಯಮದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉಬ್ಬರದ ಕಲಮು. ಮಳೆನೀರಿನ ಕಾಲುವೆಗಳೆಲ್ಲ ಇಲ್ಲಿ ಸಮುದ್ರಕ್ಕೇ ತೆರೆದುಕೊಳ್ಳುತ್ತವೆ. ಉಬ್ಬರ ನಾಲ್ಕೂವರೆ ಮೀಟರ್ ಮುಟ್ಟಿದಾಗ ಕಾಲುವೆಯ ಬಾಯಿಗಿಂತ ಸಮುದ್ರವೇ ಮೇಲಿರುತ್ತದೆ, ಬಿದ್ದ ನೀರು ಹೋಗಲು ದಾರಿಯಿಲ್ಲದೆ ರಸ್ತೆಯಲ್ಲೇ ಏರುತ್ತದೆ. ನಿಯಮ ಹೇಳುವುದು ಇಷ್ಟು: ಜೋರು ಮಳೆಯ ದಿನ ಉಬ್ಬರದ ಹಿಂದಿನ ಎರಡು ಗಂಟೆ, ಮುಂದಿನ ಎರಡು ಗಂಟೆ ಯಾರನ್ನೂ ಹೊರಗೆ ಕಳುಹಿಸಬಾರದು. ಅದಕ್ಕೆ ಮೊದಲೇ ಬಿಡುವುದಾದರೆ ವಿರಾರ್, ಕಲ್ಯಾಣ್, ಪನ್ವೇಲ್ ಕಡೆಯವರು ಮುಂಚೆ, ಹತ್ತಿರದವರು ಆಮೇಲೆ. ಉಬ್ಬರದ ವೇಳಾಪಟ್ಟಿಯನ್ನು ಲಿಫ್ಟಿನ ಪಕ್ಕ ಅಂಟಿಸಿದ್ದಾರೆ. ಮನೆ ಹತ್ತಿರವೇ ಇದೆಯಲ್ಲ, ನಡೆದುಬಿಡೋಣ ಎನ್ನುವವರಿಗೆ ನಾನು 2017ರ ಆಗಸ್ಟ್ 29ನ್ನು ನೆನಪಿಸುತ್ತೇನೆ. ಹೆಸರಾಂತ ವೈದ್ಯ ಡಾ. ದೀಪಕ್ ಅಮರಾಪುರಕರ್ ಅಂದು ಕಾರಿನಿಂದಿಳಿದು ಮನೆಯತ್ತ ನಡೆದವರು, ನೀರಿನಡಿ ತೆರೆದಿದ್ದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು.

ರಾತ್ರಿ ಉಳಿಯುವ ವ್ಯವಸ್ಥೆಯೂ ಇದೆ. ಮೂರನೆಯ ಮಹಡಿಯ ಕಪಾಟಿನಲ್ಲಿ ಚಾಪೆ, ಹೊದಿಕೆ, ಟಾರ್ಚ್, ಅವಲಕ್ಕಿ, ಬಿಸ್ಕತ್ತು, ಸ್ಯಾನಿಟರಿ ಪ್ಯಾಡ್. ಜುಲೈನಲ್ಲಿ ಒಂದು ರಾತ್ರಿ ನಾವು ಒಂಬತ್ತು ಜನ ಉಳಿದೆವು. ಹೊದಿಕೆಗಳಿಗೆ ಮುಗ್ಗಲು ವಾಸನೆಯಿತ್ತು, ಅದೊಂದನ್ನು ಸರಿಪಡಿಸಬೇಕು. ಕೊಳಚೆ ನೀರಿನಲ್ಲಿ ನಡೆದು ಬಂದವರಿಗೆ ಇಲಿಜ್ವರದ ಭಯವಿರುತ್ತದೆ. ಮೂರು ದಿನದೊಳಗೆ ವೈದ್ಯರನ್ನು ಕಂಡು ಮುಂಜಾಗ್ರತೆಯ ಮಾತ್ರೆ ಪಡೆಯಿರಿ ಎಂದು ಪಾಲಿಕೆ ಮಳೆಗಾಲದಲ್ಲಿ ಹೇಳುತ್ತಿರುತ್ತದೆ. ನಿಯಮದಲ್ಲಿ ಅದರ ಸುದ್ದಿಯೇ ಇಲ್ಲ. ಇದಕ್ಕೆ ಅರ್ಧ ಅಂಕ ಕಳೆದಿದ್ದೇನೆ.

ಇಡೀ ಒಂದು ಅಂಕ ಕಳೆದದ್ದು ಮೌಶಿಯ ಕಾರಣಕ್ಕೆ. ನಮ್ಮ ಮಹಡಿ ಗುಡಿಸಿ ಒರೆಸುವ ಅವರು ದಿವಾದಿಂದ ಬರುತ್ತಾರೆ. ಸಂಬಳ ಕೊಡುವುದು ಗುತ್ತಿಗೆದಾರ. ನಿಯಮದ ಮೊದಲ ಸಾಲಿನಲ್ಲೇ 'ಕಂಪನಿಯ ನೌಕರರು' ಎಂದಿದೆ. ಹಾಗಾಗಿ ಆ 5.20ರ ಸಂದೇಶ ಅವರಿಗೆ ಹೋಗಿಯೇ ಇರಲಿಲ್ಲ. ಏಳೂವರೆಗೆ ಅವರು ಗೇಟಿನ ಮುಂದೆ, ಸೀರೆಯ ನೆರಿಗೆ ಮೊಣಕಾಲಿನ ತನಕ ಒದ್ದೆ. ಬೀದರ್ ಕಡೆಯ ಸೆಕ್ಯುರಿಟಿ ಹುಡುಗ ಅವರನ್ನು ಮೆಟ್ಟಿಲ ಕೆಳಗೆ ಕೂರಿಸಿ ಚಹಾ ಕೊಟ್ಟು ನನಗೆ ಫೋನ್ ಮಾಡಿದ: 'ಅಕ್ಕಾ, ಮೌಶಿ ನಡುಗುತ್ತಿದ್ದಾರೆ. ಇವತ್ತಿನ ಕೂಲಿ ಬರುತ್ತದೋ ಇಲ್ಲವೋ ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?' ನನ್ನ ಬಳಿ ಉತ್ತರವಿರಲಿಲ್ಲ. ಆ ಹುಡುಗನೂ ಗುತ್ತಿಗೆಯವನೇ. ಕಚೇರಿ ಮುಚ್ಚಿದರೂ ಅವನ ಪಾಳಿ ಮುಚ್ಚುವುದಿಲ್ಲ.

ಮರುದಿನವೇ ಎಚ್.ಆರ್. ವಿಭಾಗಕ್ಕೆ ಬರೆದೆ, ಹನ್ನೊಂದು ಜನ ಸಹಿ ಹಾಕಿದರು. ಈಗ ಸಂದೇಶದ ಪಟ್ಟಿಯಲ್ಲಿ ಮೌಶಿಯ ಸಂಖ್ಯೆಯೂ ಇದೆ, ಮರಾಠಿಯಲ್ಲೂ ಕಳುಹಿಸುತ್ತಾರೆ. ಮುಚ್ಚಿದ ದಿನದ ಕೂಲಿಯ ಬಗ್ಗೆ ಗುತ್ತಿಗೆದಾರನ ಜೊತೆ ಮಾತುಕತೆ ನಡೆಯುತ್ತಿದೆ ಎಂದಿದ್ದಾರೆ. ಆ ಕೂಲಿ ಮೌಶಿಯ ಕೈಸೇರಿದ ದಿನ ಕಳೆದ ಒಂದು ಅಂಕವನ್ನು ನಾನೇ ಇಲ್ಲಿ ಸೇರಿಸುತ್ತೇನೆ.