ಎಂವಿಎ ಮಾಡಲಾ, ಊರಲ್ಲೇ ಕೆಲಸ ಹಿಡಿಯಲಾ?

ಬಿವಿಎ, ಅಂದರೆ ದೃಶ್ಯಕಲೆಯ ಪದವಿ ಮುಗಿಸಿದ ಕಾಸರಗೋಡಿನ ಕುಂಬಳೆಯ ತಂಗಿಯೊಬ್ಬಳ ಪ್ರಶ್ನೆ ಇದು. ಎಂವಿಎ ಅಂದರೆ ಅದೇ ವಿಷಯದ ಸ್ನಾತಕೋತ್ತರ ಪದವಿ.

ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದ್ದರೆ ಎಂವಿಎ ಮಾಡು. ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರದಲ್ಲಿ ಶೇ. 55 ಅಂಕ, ಜೊತೆಗೆ ನೆಟ್ (ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಕೇಳುತ್ತಾರೆ.

ಖರ್ಚಿನಲ್ಲಿ ಊರೇ ಹಗುರ. ಮೈಸೂರಿನ ಕಾವಾ ಕಲಾ ಕಾಲೇಜು ಇರಲಿ, ಕೇರಳದ ತೃಪ್ಪೂಣಿತ್ತುರದ ಆರ್‌ಎಲ್‌ವಿ ಕಾಲೇಜು ಇರಲಿ, ಫೀಸಿನ ಮೇಲೆ 2 ವರ್ಷದ ಹಾಸ್ಟೆಲ್, ಬಣ್ಣ, ಕ್ಯಾನ್ವಾಸ್ ಸೇರುತ್ತದೆ. ಗಡಿನಾಡ ಕನ್ನಡಿಗರಿಗೆ ಸೀಟಿದೆಯಾ ಅಂತ ಮೊದಲೇ ವಿಚಾರಿಸು.

ಇನ್ನು ಕಲಿಕೆ. ಜಲವರ್ಣ ಮನೆಯಲ್ಲೇ ಸಾಗುತ್ತದೆ. ಆದರೆ ಎಚಿಂಗ್‌ಗೆ (ಲೋಹದ ತಗಡನ್ನು ಆಸಿಡ್‌ನಿಂದ ಕೊರೆದು ಚಿತ್ರ ಮುದ್ರಿಸುವ ಕಲೆ) ತಾಮ್ರ ಅಥವಾ ಸತುವಿನ ತಗಡು, ಆಸಿಡ್ ತೊಟ್ಟಿ, ಭಾರದ ಪ್ರೆಸ್ ಬೇಕು. ಅದನ್ನೆಲ್ಲ ಜಗಲಿಯಲ್ಲಿ ಇಡೋಕಾಗಲ್ಲ, ಅಲ್ವಾ? ಮುದ್ರಣಕಲೆ, ಶಿಲ್ಪ ಇಷ್ಟವಿದ್ದರೆ ಕಾಲೇಜೇ ಸರಿ.

ಗೋಡೆಚಿತ್ರ, ಭಾವಚಿತ್ರದ ಆರ್ಡರ್ ಈಗಾಗಲೇ ಬರುತ್ತಿದ್ದರೆ ಸುಮ್ನೆ ಬಿಡಬೇಡ. ಎಂವಿಎಗೆ ಆಮೇಲೂ ಹೋಗಬಹುದು.