ಸಿಂಗಳೀಕದ ಕಾಡೋ, ಕೃಷ್ಣಮೃಗದ ಬಯಲೋ: ಮೊದಲು ಯಾವುದಕ್ಕೆ ರಕ್ಷಣೆ?

ಸಂರಕ್ಷಣಾ ಮೀಸಲು ಘೋಷಿಸಲು ಜಾಗ ಆರಿಸುವವರ ಮುಂದೆ ಎರಡು ಮಾದರಿಗಳನ್ನಿಡುತ್ತೇನೆ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಂಪತ್ರೆ ಜಡ್ಡಿಗಳಿವೆ, ಅಂದರೆ ರಾಂಪತ್ರೆ ಮರಗಳು ಬೆಳೆಯುವ ಜೌಗು ಕಾಡು. ಕೆಸರಿನಿಂದ ಮೇಲೆದ್ದು, ಮೊಣಕಾಲಿನಂತೆ ಬಾಗಿ ಮತ್ತೆ ನೀರಿಗಿಳಿಯುವ ಬೇರುಗಳು, ಮೇಲೆ ಸಿಂಗಳೀಕ. ಮರದಿಂದ ಮರಕ್ಕೆ ಸಾಗುವ ಈ ಕೋತಿಗೆ ನೆತ್ತಿಯ ಹಂದರ ಎಲ್ಲೂ ಕಡಿಯಬಾರದು. ಹೀಗಾಗಿ ಇಲ್ಲಿ ವಿಸ್ತೀರ್ಣಕ್ಕಿಂತ ಕಾಡಿನ ಜೋಡಣೆ ಮುಖ್ಯ. ಜಡ್ಡಿ ಒಮ್ಮೆ ಬತ್ತಿದರೆ ಮತ್ತೆ ಕಟ್ಟಲಾಗದು.

ಮಧುಗಿರಿ ತಾಲೂಕಿನ ಮೈದನಹಳ್ಳಿಯದು ಬೇರೆ ಕಥೆ. 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಮೀಸಲು ಸುಮಾರು 800 ಎಕರೆ, ಸುತ್ತಲೂ ಹೊಲ. ಕೃಷ್ಣಮೃಗಗಳು ಬೇಲಿ ನೋಡುವುದಿಲ್ಲ, ಬೆಳೆಗೆ ಇಳಿಯುತ್ತವೆ. ರೈತರನ್ನು ಬಿಟ್ಟು ಇಲ್ಲಿ ಏನೂ ನಡೆಯದು. ಹಸಿರು ಹೆಚ್ಚಿಸುತ್ತೇವೆಂದು ಸಸಿ ನೆಟ್ಟರೂ ಹುಲ್ಲುಗಾವಲು ಕೆಡುತ್ತದೆ.

ಅಪರೂಪವೇ ಅಳತೆಯಾದರೆ ಜಡ್ಡಿಗೆ ಸಾಟಿಯಿಲ್ಲ. ಆದರೂ ನನ್ನ ಮೊದಲ ಆಯ್ಕೆ ಬಯಲು. ಕತ್ತಲೆಕಾನಿಗೆ ಅರಣ್ಯ ಕಾನೂನಿನ ಆಸರೆ ಈಗಾಗಲೇ ಇದೆ. ಕಾವಲು ಭೂಮಿಯನ್ನು, ಅಂದರೆ ದನ-ಕುರಿ ಮೇಯುವ ಇಂಥ ಹುಲ್ಲುಬಯಲನ್ನು ಮಾತ್ರ ದಾಖಲೆಯಲ್ಲಿ ಸುಲಭವಾಗಿ ‘ಬಂಜರು’ ಎಂದು ಬರೆದು ಯಾವುದೋ ಯೋಜನೆಗೆ ಕೊಟ್ಟುಬಿಡುತ್ತಾರೆ. ಆಯ್ಕೆಗೆ ಕೂರುವ ಮುನ್ನ ಪಹಣಿ ತೆಗೆಸಿ, ಕುರಿಗಾಹಿಗಳನ್ನು ಮಾತಾಡಿಸಿ.